ಹಾರುವ ಕ್ಯಾಮೆರಾ

ಬೆಟ್ಟ ಹತ್ತಿದವರು ಯಾರೇ ಆಗಲಿ, ತುದಿಯಲ್ಲಿ ನಿಂತು ತಮ್ಮ ಊರೆಲ್ಲಿ, ಮನೆಯೆಲ್ಲಿ ಎಂದು ಹುಡುಕದೆ ಇಳಿಯುವುದಿಲ್ಲ. ನಿತ್ಯ ಓಡಾಡುವ ನೆಲವನ್ನೇ ಮೇಲಿನಿಂದ ನೋಡಬೇಕೆಂಬ ಆಸೆ ಮನುಷ್ಯನಿಗೆ ಸಹಜವಾದುದು. ಕ್ಯಾಮೆರಾ ಬಂದ ಮೇಲೆ ಈ ಆಸೆ ಇನ್ನಷ್ಟು ಬಲವಾಯಿತು. 1858ರಲ್ಲಿ ಫ್ರಾನ್ಸಿನ ನಾದಾರ್ ಎಂಬಾತನು ಬೆಲೂನನ್ನೇರಿ ಪ್ಯಾರಿಸ್ ಬಳಿಯ ಒಂದು ಹಳ್ಳಿಯ ಚಿತ್ರ ತೆಗೆದನು. 1888ರಲ್ಲಿ ಅದೇ ದೇಶದ ಆರ್ತೂರ್ ಬಾತ್ಯು ಗಾಳಿಪಟಕ್ಕೆ ಕ್ಯಾಮೆರಾ ಕಟ್ಟಿ ಹಾರಿಸಿದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಔಷಧ ವ್ಯಾಪಾರಿಯೊಬ್ಬನು ಪಾರಿವಾಳಗಳ ಎದೆಗೇ ಪುಟ್ಟ ಕ್ಯಾಮೆರಾಗಳನ್ನು ಕಟ್ಟಿ ಬಿಟ್ಟನು. ಇವರೆಲ್ಲ ಪಟ್ಟ ಪಾಡನ್ನು ಇಂದು 249 ಗ್ರಾಂ ತೂಕದ ಒಂದು ಯಂತ್ರ ತಪ್ಪಿಸಿದೆ. ಅದೇ ಡ್ರೋನ್.

ಛಾಯಾಚಿತ್ರ ನನಗೆ ಹವ್ಯಾಸ ಮಾತ್ರ. ಕೆಲವು ವರ್ಷಗಳ ಹಿಂದೆ ಇಂಥದೊಂದು ಡ್ರೋನನ್ನು ಕೊಂಡೆ. ಮಡಿಸಿದರೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಇದು ಹಾರುವ ಬಗೆ ಸರಳವಾದುದು. ನಾಲ್ಕು ಮೂಲೆಗಳಲ್ಲಿ ನಾಲ್ಕು ಪಂಖಗಳಿವೆ. ಎರಡು ಬಲಕ್ಕೆ ತಿರುಗಿದರೆ ಇನ್ನೆರಡು ಎಡಕ್ಕೆ ತಿರುಗುತ್ತವೆ. ಎಲ್ಲವೂ ಒಂದೇ ಕಡೆಗೆ ತಿರುಗಿದ್ದರೆ ಯಂತ್ರದ ಒಡಲು ಬುಗುರಿಯಂತೆ ಸುತ್ತುತ್ತಿತ್ತು. ಹಿಂದಿನ ಪಂಖಗಳು ಹೆಚ್ಚು ವೇಗವಾಗಿ ತಿರುಗಿದಾಗ ಯಂತ್ರವು ಮುಂದಕ್ಕೆ ಬಾಗಿ ಮುಂದಕ್ಕೇ ಸಾಗುತ್ತದೆ. ಉಪಗ್ರಹಗಳ ಸಂಕೇತದಿಂದ ತಾನಿರುವ ಸ್ಥಾನವನ್ನೂ, ಗಾಳಿಯ ಒತ್ತಡದಿಂದ ಎತ್ತರವನ್ನೂ ಅದು ತಿಳಿದುಕೊಳ್ಳುತ್ತದೆ. ಕೈಬಿಟ್ಟರೂ ಆಕಾಶದಲ್ಲಿ ನಿಂತಲ್ಲೇ ನಿಲ್ಲುವುದು ಇದರಿಂದಲೇ.

ಹಾಗಾದರೆ ಒಳ್ಳೆಯ ಚಿತ್ರ ತಾನಾಗಿ ಬರುವುದೇ? ನಾನೂ ಮೊದಲು ಹಾಗೆಯೇ ಭಾವಿಸಿದ್ದೆ. ಕೋಲಾರದ ಕಡೆಯ ಒಂದು ಕೆರೆಯ ಮೇಲೆ ಮಟಮಟ ಮಧ್ಯಾಹ್ನ ಏರಿಸಿದಷ್ಟೂ ಎತ್ತರಕ್ಕೆ ಏರಿಸಿ ಹತ್ತಾರು ಚಿತ್ರ ತೆಗೆದೆ. ಮನೆಗೆ ಬಂದು ನೋಡಿದರೆ ಎಲ್ಲವೂ ಭೂಪಟದಂತೆ ಚಪ್ಪಟೆ! ಬಿಸಿಲು ನೆತ್ತಿಯ ಮೇಲಿದ್ದಾಗ ನೆರಳು ಬೀಳದು. ನೆರಳಿಲ್ಲದಿದ್ದರೆ ಏರಿ ಯಾವುದು, ಹಳ್ಳ ಯಾವುದು ಎಂದು ಮೇಲಿನಿಂದ ಗೊತ್ತಾಗದು. ಮರುವಾರ ಸೂರ್ಯ ಮೂಡಿದ ಅರ್ಧ ಗಂಟೆಯೊಳಗೆ ಅದೇ ಕೆರೆಗೆ ಹೋದೆ. ಆಗ ಕಂಡುದೇ ಬೇರೆ. ಎರಡು ದಿಣ್ಣೆಗಳು ಹತ್ತಿರ ಬರುವ ಜಾಗವನ್ನೇ ಹುಡುಕಿ ಹಿರಿಯರು ಏರಿ ಕಟ್ಟಿದ್ದಾರೆ. ತೂಬಿನಿಂದ ಹೊರಟ ಕಾಲುವೆ ಅಚ್ಚುಕಟ್ಟಿನ ಗದ್ದೆಗಳಿಗೆ ಕವಲೊಡೆದಿದೆ. ಕೋಡಿಯ ನೀರು ಹರಿಯುವ ಜಾಡು ಕೆಳಗಿನ ಮತ್ತೊಂದು ಕೆರೆಯನ್ನು ಸೇರುತ್ತದೆ. ಜೀವನದಿಯಿಲ್ಲದ ಆ ಸೀಮೆ ಕೆರೆಗಳ ಸಾಲನ್ನೇ ನಂಬಿ ಬದುಕಿದ ರೀತಿ ಒಂದೇ ಚಿತ್ರದಲ್ಲಿ ನನಗೆ ಅರ್ಥವಾಯಿತು.

ಎರಡನೆಯ ಪಾಠ ಕಲಿಸಿದುದು ಗಾಳಿ. ಡ್ರೋನು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಾರುವುದೆಂದೂ, ಗಾಳಿ 6 ಮೀಟರ್ ವೇಗದಲ್ಲಿ ಬೀಸುವುದೆಂದೂ ಇಟ್ಟುಕೊಳ್ಳೋಣ. ಗಾಳಿಯ ಜೊತೆಗೆ ಹೋಗುವಾಗ ವೇಗ 16 ಮೀಟರ್. 320 ಮೀಟರ್ ದೂರವನ್ನು 20 ಸೆಕೆಂಡಿನಲ್ಲಿ ಮುಟ್ಟುತ್ತದೆ. ಎದುರುಗಾಳಿಯಲ್ಲಿ ಹಿಂದಿರುಗುವಾಗ ಉಳಿಯುವ ವೇಗ 4 ಮೀಟರ್ ಮಾತ್ರ. ಅದೇ ದೂರಕ್ಕೆ 80 ಸೆಕೆಂಡು ಬೇಕು. ಈ ಲೆಕ್ಕ ಅರಿಯದೆ ಒಮ್ಮೆ ಕೆರೆಯಾಚೆಗೆ ಕಳುಹಿಸಿಬಿಟ್ಟೆ. ಬ್ಯಾಟರಿ ಮುಗಿಯಿತೆಂಬ ಎಚ್ಚರಿಕೆ ಬಂದಾಗ ಡ್ರೋನು ನೀರಿನ ನಡುವೆ ಇತ್ತು. ನೆಲಕ್ಕೆ ಹತ್ತಿರವಾದಷ್ಟೂ ಗಾಳಿಯ ರಭಸ ಕಡಿಮೆ ಎಂಬುದು ನೆನಪಾಗಿ ಕೆಳಕ್ಕಿಳಿಸಿ ತಂದೆ. ಏರಿಯ ಹುಲ್ಲಿನ ಮೇಲೆ ಹೇಗೋ ಇಳಿಯಿತು. ಅಂದಿನಿಂದ ಮೊದಲು ಗಾಳಿಗೆ ಎದುರಾಗಿ ಕಳುಹಿಸುತ್ತೇನೆ. ಬರುವಾಗ ಗಾಳಿಯೇ ಕರೆತರುತ್ತದೆ.

ಮೂರನೆಯ ಪಾಠವೇ ದೊಡ್ಡದು. ನನ್ನ ಕ್ಯಾಮೆರಾ ಒಂದು ಚಿತ್ರವನ್ನು ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಚುಕ್ಕೆಗಳಲ್ಲಿ ಮೂಡಿಸುತ್ತದೆ. 100 ಮೀಟರ್ ಎತ್ತರದಿಂದ ನೇರವಾಗಿ ಕೆಳಗೆ ನೋಡಿದರೆ ಹತ್ತಿರಹತ್ತಿರ ನಾಲ್ಕು ಎಕರೆ ನೆಲ ಕಾಣುತ್ತದೆ. ಒಂದೊಂದು ಚುಕ್ಕೆಯೂ ನೆಲದ ಮೇಲೆ ಮೂರೂವರೆ ಸೆಂಟಿಮೀಟರಿಗೆ ಸಮ. ಅಲ್ಲಿ ಮನುಷ್ಯ ಬರಿಯ ಒಂದು ಗುರುತು. 30 ಮೀಟರಿಗೆ ಇಳಿದರೆ ಚುಕ್ಕೆಯೊಂದಕ್ಕೆ ಒಂದೇ ಸೆಂಟಿಮೀಟರು. ಆಗ ಚಿತ್ರಕ್ಕೆ ಜೀವ ಬರುತ್ತದೆ. ಆದರೆ ಮನುಷ್ಯನೂ ಗುರುತು ಸಿಗುವ ವ್ಯಕ್ತಿಯಾಗಿಬಿಡುತ್ತಾನೆ.

ಅದೇ ಊರಿನ ಮನೆಗಳ ಮೇಲೆ ಒಂದು ಬೆಳಿಗ್ಗೆ ಹೀಗೆ ಕೆಳಗೆ ಹಾರಿಸಿದೆ. ಹಂಚಿನ ಮಾಡುಗಳು, ಒಣಗಲು ಹರಡಿದ ರಾಗಿ, ನಡುವೆ ಒಂದು ಹಿತ್ತಲಿನಲ್ಲಿ ತಲೆಗೆ ನೀರು ಹಾಕಿಕೊಂಡು ಕೂದಲು ಆರಿಸುತ್ತಿದ್ದ ಹೆಂಗಸು. ನಾನು ಅದುವರೆಗೆ ತೆಗೆದ ಚಿತ್ರಗಳಲ್ಲೆಲ್ಲ ಅದೇ ಮೇಲಾದುದು. ಸ್ವಲ್ಪ ಹೊತ್ತಿನಲ್ಲೇ ಆ ಮನೆಯ ಅಜ್ಜಿ ನನ್ನ ಬಳಿಗೆ ಬಂದರು.

“ಏನಪ್ಪಾ, ಅದರಾಗೆ ನಮ್ಮ ಹಿತ್ತಲು ಕಾಣಿಸ್ತದಾ?”

“ಕಾಣಿಸ್ತದಮ್ಮಾ” ಎಂದೆ.

“ಬಾಗಿಲಿಂದ ಬರೋನು ಕೂಗಿ ಬರ್ತಾನೆ. ನೀನು ಮೇಲಿಂದ ಬಂದೆ, ಕೂಗಲೇ ಇಲ್ಲವಲ್ಲಪ್ಪಾ!”

ನನಗೆ ಉತ್ತರ ಹೊಳೆಯಲಿಲ್ಲ. ಆಕೆಯ ಎದುರಿಗೇ ಆ ಚಿತ್ರವನ್ನು ಅಳಿಸಿದೆ. ಅಳಿಸುವಾಗ ಹೊಟ್ಟೆ ಉರಿಯಿತೆಂದರೆ ಸುಳ್ಳಲ್ಲ. ಆದರೆ ಆ ಚಿತ್ರ ನನ್ನದಾಗಿರಲಿಲ್ಲವೆಂಬುದೂ ಸುಳ್ಳಲ್ಲ.

ಕಾನೂನಿನ ಎಲ್ಲೆಗಳು ಸ್ಪಷ್ಟವಾಗಿವೆ. 2021ರ ಡ್ರೋನ್ ನಿಯಮಗಳಂತೆ 250 ಗ್ರಾಂ ಮೀರದ ಯಂತ್ರವು ‘ನ್ಯಾನೋ’ ವರ್ಗಕ್ಕೆ ಸೇರುತ್ತದೆ. ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಲಾಗಿದೆ. ಹಸಿರು ವಲಯದಲ್ಲಿ ಸಾಮಾನ್ಯವಾಗಿ 400 ಅಡಿಯವರೆಗೆ ಹಾರಿಸಬಹುದು. ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ನಿರ್ಬಂಧ ಹೆಚ್ಚು. ಅಭಯಾರಣ್ಯಗಳಲ್ಲಿಯೂ ಸಂರಕ್ಷಿತ ಸ್ಮಾರಕಗಳಲ್ಲಿಯೂ ಆಯಾ ಇಲಾಖೆಯ ಒಪ್ಪಿಗೆ ಪಡೆಯಬೇಕು. ಆದರೆ ಅಜ್ಜಿ ಕೇಳಿದ ಪ್ರಶ್ನೆಗೆ ಯಾವ ವಲಯದ ಬಣ್ಣವೂ ಉತ್ತರವಲ್ಲ. ಹಸಿರು ವಲಯದಲ್ಲಿಯೂ ಹಿತ್ತಲು ಹಿತ್ತಲೇ.

ಈಗ ನಾನು ಯಾವ ಊರಿಗೆ ಹೋದರೂ ಡ್ರೋನನ್ನು ಚೀಲದಲ್ಲೇ ಇಟ್ಟು ಮೊದಲು ಕಟ್ಟೆಯ ಬಳಿ ಕೂರುತ್ತೇನೆ. ಬಂದ ಕೆಲಸ ಹೇಳಿ, ಪರದೆಯಲ್ಲಿ ಏನು ಕಾಣುವುದೆಂದು ನಾಲ್ಕು ಜನಕ್ಕೆ ತೋರಿಸುತ್ತೇನೆ. ಬೇಡವೆಂದವರ ಮನೆಯನ್ನು ಬಿಟ್ಟು ಹಾರಿಸುತ್ತೇನೆ. ಇದರಿಂದ ನಷ್ಟವೇನೂ ಆಗಿಲ್ಲ. ಆ ಕೆರೆಯ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಊರಿಗೆ ಕೊಟ್ಟಾಗ ಎಲ್ಲರಿಗಿಂತ ಮುಂಚೆ ಬಂದು ನೋಡಿದವರು ಅದೇ ಅಜ್ಜಿ. ಏರಿಯ ಮೇಲೆ ಬೆರಳಿಟ್ಟು, ತಮ್ಮ ಹೊಲಕ್ಕೆ ನೀರು ಬರುವ ಕಾಲುವೆಯನ್ನು ಮೊಮ್ಮಗನಿಗೆ ತೋರಿಸುತ್ತಿದ್ದರು.