ಆನಂದಿಬಾಯಿ ಉಳಿದುಕೊಂಡ ಮನೆ: ತಪ್ಪು ಕಲ್ಪನೆ ಮತ್ತು ವಾಸ್ತವ

ನಾಸಿಕದಿಂದ ಪುಣೆಯ ಹೆದ್ದಾರಿ ಹಿಡಿದರೆ ನಡುವೆ ಸಂಗಮನೇರ ಸಿಗುತ್ತದೆ. ಅಂಚೆ ಇಲಾಖೆಯ ನೌಕರರಾಗಿದ್ದ ಗೋಪಾಳರಾವ್ ಜೋಶಿ ಆ ಊರಿನವರು. ಅವರ ಪತ್ನಿ ಆನಂದಿಬಾಯಿ ಹದಿನೆಂಟನೆಯ ವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ ಡಾಕ್ಟರಾದದ್ದು ಮಹಾರಾಷ್ಟ್ರದಲ್ಲಿ ಮನೆಮಾತು. 2019ರ ಮರಾಠಿ ಸಿನಿಮಾದ ನಂತರ ಗಡಿಯ ಈಚೆಗೂ ಈ ಕತೆ ಹಬ್ಬಿತು. ಆದರೆ ಅಮೆರಿಕಕ್ಕೆ ಹೋದ ಹೊಸತರಲ್ಲಿ ಅವರು ಯಾರ ಮನೆಯಲ್ಲಿದ್ದರು, ಹೇಗಿದ್ದರು ಎಂಬ ವಿಷಯದಲ್ಲಿ ಜನ ಏನೇನೋ ನಂಬಿದ್ದಾರೆ. ಮಗಳನ್ನು ಪರದೇಶದ ಒಂದು ಮನೆಯಲ್ಲಿ ಬಿಟ್ಟು ಓದಿಸಲು ಹೊರಟ ಇಂದಿನ ತಂದೆತಾಯಿಗಳಿಗೆ ಎಲ್ಲಕ್ಕಿಂತ ಬೇಕಾದದ್ದು ಈ ಭಾಗವೇ.

ತಪ್ಪು ಕಲ್ಪನೆ: ಗಂಡನೇ ಕರೆದುಕೊಂಡು ಹೋಗಿ ಕಾಲೇಜಿಗೆ ಸೇರಿಸಿದರು.

ಓದಿಸಿದವರು, ಹಟ ಹಿಡಿದು ಕಳಿಸಿದವರು ಗೋಪಾಳರಾವ್ ಹೌದು. ಆದರೆ ಆನಂದಿಬಾಯಿ 1883ರ ಏಪ್ರಿಲ್ 7ರಂದು ಕಲ್ಕತ್ತೆಯಲ್ಲಿ ಹಡಗು ಹತ್ತಿದಾಗ ಮನೆಯವರೆಂದು ಜೊತೆಗೆ ಯಾರೂ ಇರಲಿಲ್ಲ. ನ್ಯೂಯಾರ್ಕಿನಲ್ಲಿ ಇಳಿದದ್ದು ಜೂನ್ 4ಕ್ಕೆ. ಗಂಡ ಅಮೆರಿಕ ತಲುಪಿದ್ದು ಎಷ್ಟೋ ಕಾಲದ ಮೇಲೆ, ಓದು ಮುಗಿಯುತ್ತ ಬಂದಾಗ.

ತಪ್ಪು ಕಲ್ಪನೆ: ಗುರುತುಪರಿಚಯವಿಲ್ಲದ ಮನೆಗೆ ಹೋಗಿ ಬಿದ್ದರು.

ವಾಸ್ತವ ಇದಕ್ಕಿಂತ ಎಷ್ಟೋ ಚೆಂದ. ಹೆಂಡತಿಯನ್ನು ಅಮೆರಿಕದಲ್ಲಿ ಓದಿಸಲು ನೆರವು ಕೇಳಿ ಗೋಪಾಳರಾವ್ ಬರೆದ ಪತ್ರವನ್ನು ವೈಲ್ಡರ್ ಎಂಬ ಪಾದ್ರಿ ತಮ್ಮ ಮಿಶನರಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದರು. ನ್ಯೂಜೆರ್ಸಿಯ ರೋಸೆಲ್ ಊರಿನ ಥಿಯೋಡೀಸಿಯಾ ಕಾರ್ಪೆಂಟರ್ ಎಂಬ ಗೃಹಿಣಿ 1880ರಲ್ಲಿ ಹಲ್ಲಿನ ಡಾಕ್ಟರ ಬಳಿ ಸರದಿಗಾಗಿ ಕಾಯುತ್ತ ಕೂತಾಗ ಅದು ಕಣ್ಣಿಗೆ ಬಿತ್ತು. ಆಕೆ ಕೈಕಟ್ಟಿ ಕೂರಲಿಲ್ಲ, ಆನಂದಿಬಾಯಿಗೆ ನೇರವಾಗಿ ಬರೆದರು. ಮುಂದೆ ಸುಮಾರು ಮೂರು ವರ್ಷ ಇಬ್ಬರ ನಡುವೆ ಪತ್ರಗಳು ಓಡಾಡಿದವು. ಮದುವೆ, ದೇವರು, ಹೆಣ್ಣುಮಕ್ಕಳ ಸ್ಥಿತಿ, ಅಡುಗೆ, ಉಡುಗೆ, ಯಾವುದನ್ನೂ ಬಿಡಲಿಲ್ಲ. ಆನಂದಿಬಾಯಿಗೆ ಮೈ ಸರಿಯಿಲ್ಲವೆಂದು ತಿಳಿದಾಗ ಅಲ್ಲಿಂದಲೇ ಔಷಧಿ ಕಳಿಸಿದರು. ಹಡಗುಕಟ್ಟೆಯಲ್ಲಿ ಕಾದು ನಿಂತವರೂ ಅವರೇ. ಆನಂದಿಬಾಯಿಗೆ ಅವರು ‘ಮಾವಶಿ’, ಅಂದರೆ ತಾಯಿಯ ಸೋದರಿ. ಮುಖ ನೋಡುವ ಮೊದಲೇ ನಂಟು ಬೆಳೆದಿತ್ತು. ಹೊಸ ದೇಶದ ಮೊದಲ ದಿನಗಳು ಹಗುರವಾದದ್ದು ಈ ಪತ್ರಗಳ ದೆಸೆಯಿಂದ ಎಂದೇ ನಾನು ನಂಬಿದ್ದೇನೆ.

ತಪ್ಪು ಕಲ್ಪನೆ: ಇಟ್ಟುಕೊಂಡವರು ಮತಾಂತರ ಮಾಡಿದರು.

ಕ್ರೈಸ್ತರಾದರೆ ನೆರವು ಸಿಗುತ್ತದೆ ಎಂದು ಸೂಚಿಸಿದ್ದು ಪಾದ್ರಿ ವೈಲ್ಡರ್. ಗಂಡಹೆಂಡತಿ ಅದಕ್ಕೆ ಒಪ್ಪಲಿಲ್ಲ. ಕಾರ್ಪೆಂಟರ್ ಅಂಥ ಷರತ್ತು ಹಾಕಲೇ ಇಲ್ಲ. ಹೊರಡುವ ಮೊದಲು, 1883ರ ಫೆಬ್ರವರಿಯಲ್ಲಿ, ಸೆರಾಂಪುರ ಕಾಲೇಜಿನ ಸಭೆಯಲ್ಲಿ ಆನಂದಿಬಾಯಿ ತಾನು ಹಿಂದೂವಾಗಿ ಹೋಗಿ ಹಿಂದೂವಾಗಿಯೇ ಮರಳುವೆನೆಂದು ಮಾತು ಕೊಟ್ಟಿದ್ದರು. ಅದನ್ನು ಉಳಿಸಿಕೊಂಡರು. ಈ ಗೊಂದಲಕ್ಕೆ ಪಂಡಿತಾ ರಮಾಬಾಯಿಯವರ ಕತೆ ಕಾರಣವಿರಬಹುದು. ನಮ್ಮ ಮಲೆನಾಡಿನ ಗಂಗಾಮೂಲದಲ್ಲಿ ಹುಟ್ಟಿದ ರಮಾಬಾಯಿ ಅದೇ 1883ರಲ್ಲಿ ಇಂಗ್ಲೆಂಡಿಗೆ ಹೋಗಿ, ವಾಂಟೇಜಿನ ಕ್ರೈಸ್ತ ಸನ್ಯಾಸಿನಿಯರ ಆಶ್ರಯದಲ್ಲಿದ್ದು, ಅಲ್ಲೇ ದೀಕ್ಷೆ ಪಡೆದರು. ಇಬ್ಬರೂ ಬಂಧುಗಳು. 1886ರಲ್ಲಿ ಆನಂದಿಬಾಯಿ ಪದವಿ ಪಡೆದ ಸಮಾರಂಭಕ್ಕೆ ರಮಾಬಾಯಿ ಹೋಗಿದ್ದರು. ಒಬ್ಬರ ನಿರ್ಧಾರವನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ಇಬ್ಬರಿಗೂ ಮಾಡುವ ಅನ್ಯಾಯ.

ತಪ್ಪು ಕಲ್ಪನೆ: ಕಷ್ಟವೆಲ್ಲ ಪರರ ಮನೆಯಲ್ಲಿ, ಕಾಲೇಜು ಸೇರಿದ ಮೇಲೆ ಸುಖ.

ಆದದ್ದು ಇದಕ್ಕೆ ತಿರುಗುಮುರುಗು. ರೋಸೆಲ್‌ನಲ್ಲಿ ಕಳೆದ ಆ ಬೇಸಿಗೆ ನೆಮ್ಮದಿಯದು. ಮನೆಯವರು ಅವರ ಸಸ್ಯಾಹಾರಕ್ಕೆ, ಸೀರೆಗೆ ಅಡ್ಡಿ ಮಾಡಲಿಲ್ಲ. ಆನಂದಿಬಾಯಿ ನಮ್ಮ ಕಡೆಯ ಅಡುಗೆ ಮಾಡಿ ಅಲ್ಲಿಯವರಿಗೆ ಉಣಬಡಿಸಿದ್ದೂ ಉಂಟು. ಕಷ್ಟ ಶುರುವಾದದ್ದು ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ಸೇರಿ, ಬೇರೆ ಕೋಣೆಯಲ್ಲಿ ಇರತೊಡಗಿದ ಮೇಲೆ. ಆ ಕೋಣೆಯ ಒಲೆ ಸರಿಯಿರಲಿಲ್ಲ. ಹೊತ್ತಿಸಿದರೆ ಹೊಗೆ, ಆರಿಸಿದರೆ ಕೊರೆವ ಚಳಿ. ಒಂಬತ್ತು ಗಜದ ಕಚ್ಚೆ ಸೀರೆಯಲ್ಲಿ ಮೊಣಕಾಲಿನ ಕೆಳಗೆ ಬೆಚ್ಚಗಿರುವುದಿಲ್ಲ. ಹೀಗಾಗಿ ಅವರು ಗುಜರಾತಿ ರೀತಿಯಲ್ಲಿ ಸೀರೆ ಉಡತೊಡಗಿದರು. ಆ ಕಾಲದ ಬ್ರಾಹ್ಮಣ ಹೆಣ್ಣುಮಗಳಿಗೆ ಇದೂ ಸಣ್ಣ ತೀರ್ಮಾನವಲ್ಲ. ಕಾಲೇಜಿನ ಡೀನ್ ರೇಚಲ್ ಬಾಡ್ಲಿ ಆನಂದಿಬಾಯಿಯ ಮೇಲೆ ಮಮತೆಯಿಟ್ಟರು. ಆದರೂ ಮನೆಯೆಂದರೆ ಆನಂದಿಬಾಯಿಗೆ ರೋಸೆಲ್ಲೇ.

ತಪ್ಪು ಕಲ್ಪನೆ: ಪರದೇಶದ ಹವೆಯೇ ಅವರನ್ನು ಕೊಂದಿತು.

ಹವೆ ತೊಂದರೆ ಕೊಟ್ಟಿತು, ನಿಜ. ಆದರೆ ಆರೋಗ್ಯ ಭಾರತದಲ್ಲೇ ಕೆಟ್ಟಿತ್ತು. ಒಂಬತ್ತರಲ್ಲಿ ಮದುವೆ, ಹದಿನಾಲ್ಕರಲ್ಲಿ ಹೆರಿಗೆ, ಹುಟ್ಟಿದ ಕೂಸು ಕೆಲವೇ ದಿನಗಳಲ್ಲಿ ಇಲ್ಲವಾದದ್ದು: ಇವನ್ನು ಮರೆತು ಹಿಮವನ್ನಷ್ಟೇ ದೂರುವುದು ನಮ್ಮ ಸಮಾಜದ ಪಾಲನ್ನು ಮುಚ್ಚಿಟ್ಟಂತೆ. ಕ್ಷಯರೋಗದಿಂದ 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡಾಗ ಅವರಿಗೆ ಇಪ್ಪತ್ತೆರಡೂ ತುಂಬಿರಲಿಲ್ಲ.

ತಪ್ಪು ಕಲ್ಪನೆ: ಕೊಲ್ಹಾಪುರದಲ್ಲಿ ಡಾಕ್ಟರಾಗಿ ಕೆಲಸ ಮಾಡಿದರು.

ಅಲ್ಲಿನ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಮಹಿಳಾ ವಿಭಾಗಕ್ಕೆ ನೇಮಕವಾಗಿತ್ತು. ಕೆಲಸಕ್ಕೆ ಹಾಜರಾಗಲು ಕಾಯಿಲೆ ಬಿಡಲಿಲ್ಲ.

ತಪ್ಪು ಕಲ್ಪನೆ: ಓದು ಮುಗಿದಲ್ಲಿಗೆ ಆ ಮನೆಯ ಋಣವೂ ಮುಗಿಯಿತು.

ಆನಂದಿಬಾಯಿಯ ಚಿತಾಭಸ್ಮವನ್ನು ಗೋಪಾಳರಾವ್ ಕಾರ್ಪೆಂಟರ್ ಅವರಿಗೆ ಕಳಿಸಿಕೊಟ್ಟರು. ಅವರು ಅದನ್ನು ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯಲ್ಲಿರುವ ತಮ್ಮ ಕುಟುಂಬದ ಸಮಾಧಿ ಜಾಗದಲ್ಲಿ, ತಮ್ಮವರ ನಡುವೆ ಇಟ್ಟರು. ಅದರ ಮೇಲೆ ನಿಲ್ಲಿಸಿದ ಕಲ್ಲು ಇಂದಿಗೂ ಅಲ್ಲಿದೆ.

ನಮ್ಮ ಶಾಲೆಗಳಲ್ಲಿ ಆನಂದಿಬಾಯಿಯ ಕತೆ ಹೇಳುವಾಗ ಹಡಗು ಮತ್ತು ಪದವಿಯ ಪತ್ರ ಬರುತ್ತವೆ, ರೋಸೆಲ್‌ನ ಆ ಹೆಂಗಸು ಬರುವುದಿಲ್ಲ. ಶಿಕ್ಷಕರಲ್ಲಿ ನನ್ನ ಕೇಳಿಕೆ ಒಂದೇ: ಇನ್ನು ಮುಂದೆ ಥಿಯೋಡೀಸಿಯಾ ಕಾರ್ಪೆಂಟರ್ ಹೆಸರನ್ನೂ ಮಕ್ಕಳಿಗೆ ಹೇಳಿ.