ಕೊಟ್ಟವನೇ ಕೋಡಂಗಿ ಆಗಬೇಕಿಲ್ಲ

‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂದು ಹೇಳಿಕೊಂಡು ನಗುವವರು ನಮ್ಮಲ್ಲಿ ಹೆಚ್ಚು, ಆ ಗಾದೆಯನ್ನು ಸುಳ್ಳು ಮಾಡಲು ಹೊರಡುವವರು ಕಡಿಮೆ. ಮಗಳ ಮದುವೆಗೆಂದು ಭಾವನಿಗೆ ಕೊಟ್ಟ ಎರಡು ಲಕ್ಷ, ಅಂಗಡಿಗೆ ಸರಕು ತುಂಬಲು ಗೆಳೆಯ ಇಸ್ಕೊಂಡ ಐವತ್ತು ಸಾವಿರ, ಮನೆ ಖಾಲಿ ಮಾಡಿದರೂ ಮಾಲೀಕ ವಾಪಸ್ ಕೊಡದ ಅಡ್ವಾನ್ಸ್ – ಎಲ್ಲವೂ ಕಾನೂನಿನ ಪ್ರಕಾರ ಕೇಳಿ ಪಡೆಯಬಹುದಾದ ಹಣವೇ. ಅದು ಕೈತಪ್ಪುವುದು ಬಹುಮಟ್ಟಿಗೆ ನಮ್ಮ ದಾಕ್ಷಿಣ್ಯದಿಂದ. ‘ಕೇಳಿದ್ರೆ ಏನಂದ್ಕೋತಾರೋ’ ಎನ್ನುತ್ತ ಒಂದು ಯುಗಾದಿ ಕಳೆಯುತ್ತದೆ, ‘ಅಡಿಕೆ ಮಾರಿದ ಕೂಡ್ಲೇ ಕೊಡ್ತೀನಿ’ ಎಂಬ ಮಾತು ನಂಬಿ ಇನ್ನೊಂದು. ಮೂರನೆಯದು ದಾಟಿತೆಂದರೆ ಕೋರ್ಟೂ ಕೈಚೆಲ್ಲುತ್ತದೆ.

1963ರ ಕಾಲಮಿತಿ ಕಾಯ್ದೆಯಲ್ಲಿ ಕೈಸಾಲದ ದಾವೆಗೆ ಇರುವ ಅವಧಿ ಮೂರು ವರ್ಷ. ಇಲ್ಲೇ ಜನ ಎಡವುವುದು. ‘ಕೇಳಿದಾಗ ಕೊಡುತ್ತೇನೆ’ ಎಂಬ ಕರಾರಿನ ಸಾಲವಾದರೆ ಲೆಕ್ಕ ಶುರುವಾಗುವುದು ನೀವು ಕೇಳಿದ ದಿನದಿಂದಲ್ಲ, ಹಣ ಕೊಟ್ಟ ದಿನದಿಂದ. ಆನ್ ಡಿಮ್ಯಾಂಡ್ ಪ್ರೋನೋಟಿಗಾದರೆ ಅದರ ಮೇಲಿನ ತಾರೀಖಿನಿಂದ. ಅವಧಿಯೊಳಗೆ ಸಾಲಗಾರ ‘ಇಷ್ಟು ಬಾಕಿ ಇದೆ’ ಎಂದು ಬರೆದು ಸಹಿ ಹಾಕಿಕೊಟ್ಟರೆ ಅಂದಿನಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಐದು ಸಾವಿರವನ್ನಷ್ಟೇ ತಂದುಕೊಟ್ಟರೂ ಬೇಡ ಎನ್ನಬೇಡಿ. ಪ್ರೋನೋಟಿನ ಹಿಂದೆ ಅವರ ಕೈಯಲ್ಲೇ ಬರೆಸಿ, ಸಹಿ ಹಾಕಿಸಿ. ಅದಕ್ಕೂ ಅದೇ ಫಲ. ಅವಧಿ ಮುಗಿದ ಮೇಲೂ ಸಾಲಗಾರ ‘ತೀರಿಸುತ್ತೇನೆ’ ಎಂದು ಹೊಸದಾಗಿ ಬರೆದು ಸಹಿ ಮಾಡಿದರೆ ಕರಾರು ಕಾಯ್ದೆಯ 25ನೇ ಸೆಕ್ಷನ್ ಅದನ್ನು ಮಾನ್ಯ ಮಾಡುತ್ತದೆ. ಆದರೆ ಹಾಗೆ ಬರೆದುಕೊಡುವಷ್ಟು ಒಳ್ಳೆಯವನಾಗಿದ್ದರೆ ನಿಮಗೆ ಕೋರ್ಟಿನ ಯೋಚನೆಯೇ ಬರುತ್ತಿರಲಿಲ್ಲ!

‘ಮುಂದಿನ ತಿಂಗಳು ಗ್ಯಾರಂಟಿ ಕೊಡ್ತೀನಿ ಅಣ್ಣ’ ಎಂಬ ವಾಟ್ಸ್‌ಆ್ಯಪ್ ಸಂದೇಶಕ್ಕೆ ಬೆಲೆ ಇಲ್ಲವೇ ಎಂದರೆ, ಇದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಕೇಳುವ ಪ್ರಮಾಣಪತ್ರದ ಜೊತೆ ಹಾಜರುಪಡಿಸಿದರೆ ಸಾಲ ಕೊಟ್ಟಿದ್ದಕ್ಕೆ ಅದು ಸಾಕ್ಷ್ಯ. ಆದರೆ ಅವಧಿ ವಿಸ್ತರಣೆಗೆ ಅದನ್ನೇ ನೆಚ್ಚಿ ಕೂರುವುದು ಜಾಣತನವಲ್ಲ. ಕಾಗದದ ಮೇಲೆ ಸಹಿ ಇರಲಿ. ಪ್ರೋನೋಟಿಗೆ ರೆವಿನ್ಯೂ ಸ್ಟ್ಯಾಂಪ್ ಹಚ್ಚುವುದನ್ನು ಮರೆತರಂತೂ ಗತಿ ಇಲ್ಲ. ಬೇರೆ ಪತ್ರಗಳ ಮುದ್ರಾಂಕ ಕೊರತೆಯನ್ನು ದಂಡ ಕಟ್ಟಿ ಸರಿಪಡಿಸಬಹುದು, ಪ್ರೋನೋಟಿಗೆ ಆ ರಿಯಾಯಿತಿ ಇಲ್ಲ.

ಚೆಕ್ ಇದ್ದವರ ಕೈ ಮೇಲು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿ 1989ರಿಂದ ಜಾರಿಯಲ್ಲಿರುವ 138ನೇ ಸೆಕ್ಷನ್ ಚೆಕ್ ಬೌನ್ಸನ್ನು ಅಪರಾಧವಾಗಿಸಿದೆ. ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಸಹಿ ತನ್ನದೇ ಎಂದು ಒಪ್ಪಿದ ಮೇಲೆ ಸಾಲ ಇರಲಿಲ್ಲವೆಂದು ತೋರಿಸುವ ಹೊಣೆ ಚೆಕ್ ಕೊಟ್ಟವನದೇ. ಆದರೆ ಇಲ್ಲಿ ಕ್ಯಾಲೆಂಡರ್ ಇನ್ನೂ ನಿರ್ದಯಿ. ಚೆಕ್ಕಿನ ಆಯುಸ್ಸು ಅದರ ತಾರೀಖಿನಿಂದ ಮೂರು ತಿಂಗಳು. ಬೌನ್ಸ್ ಆದ ಮೆಮೊ ಬ್ಯಾಂಕಿನಿಂದ ಜೂನ್ 5ಕ್ಕೆ ನಿಮ್ಮ ಕೈಸೇರಿತು ಎನ್ನಿ. ಜುಲೈ 5ರೊಳಗೆ ನೋಟಿಸ್ ಹೊರಡಲೇಬೇಕು. ಜುಲೈ 10ಕ್ಕೆ ಅದು ಅವನಿಗೆ ಮುಟ್ಟಿದರೆ ಹಣ ಕೊಡಲು ಅವನಿಗೆ 15 ದಿನ, ಅಂದರೆ 25ರವರೆಗೆ ಅವಕಾಶ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು. ದೂರು ತಡವಾದರೆ ಸಕಾರಣ ಹೇಳಿ ಮನ್ನಿಸಿಕೊಳ್ಳಬಹುದು. ನೋಟಿಸ್ ತಡವಾದರೆ ಮನ್ನಣೆ ಇಲ್ಲ. ಇರುವ ಒಂದೇ ದಾರಿ, ಮೂರು ತಿಂಗಳು ಮುಗಿದಿರದಿದ್ದರೆ ಅದೇ ಚೆಕ್ಕನ್ನು ಮತ್ತೆ ಬ್ಯಾಂಕಿಗೆ ಹಾಕುವುದು. ನೋಟಿಸಿನ ಲಕೋಟೆ ‘ಬಾಗಿಲು ಹಾಕಿದೆ’ ಎಂಬ ಷರಾದೊಂದಿಗೆ ವಾಪಸ್ ಬಂದರೆ ಕಂಗೆಡಬೇಡಿ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದರೆ ತಲುಪಿದಂತೆಯೇ ಎಂದು ಕೋರ್ಟ್ ಭಾವಿಸುತ್ತದೆ. ಆ ಲಕೋಟೆಯನ್ನು ಒಡೆಯದೆ ಹಾಗೇ ಇಡಿ.

ಇನ್ನೊಂದು ಗುಂಡಿ: ಚೆಕ್ ಕೊಟ್ಟಾದ ಮೇಲೆ ಸಾಲಗಾರ ಅಷ್ಟಿಷ್ಟು ತೀರಿಸಿದ್ದರೆ ಅದನ್ನು ಚೆಕ್ಕಿನ ಮೇಲೆ ನಮೂದಿಸದೆ ಪೂರ್ತಿ ಮೊತ್ತಕ್ಕೆ ಬ್ಯಾಂಕಿಗೆ ಹಾಕಬಾರದು. ಹಾಗೆ ಹಾಕಿದರೆ ಅಪರಾಧವೇ ಆಗುವುದಿಲ್ಲವೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಗದು ಕೊಟ್ಟವರಿಗೆ ಕಷ್ಟ ಬೇರೆಯದು. ಇಪ್ಪತ್ತು ಸಾವಿರ ಮತ್ತು ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ಮೀರಿದರೆ ದಂಡ ಪಡೆದವನ ತಲೆಗೆ. ಸಾಲ ಅದರಿಂದ ಸುಳ್ಳಾಗುವುದಿಲ್ಲ. ಆದರೆ ‘ನಿಮಗೆ ಅಷ್ಟು ದುಡ್ಡು ಎಲ್ಲಿಂದ ಬಂತು?’ ಎಂದು ಎದುರು ವಕೀಲರು ಕೇಳಿಯೇ ಕೇಳುತ್ತಾರೆ. ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್, ಸಾಲ ಕೊಡುವಷ್ಟು ಶಕ್ತಿ ತನಗಿತ್ತೆಂದು ದೂರುದಾರ ತೋರಿಸಲಿಲ್ಲ ಎಂಬ ಕಾರಣಕ್ಕೆ ಆರೋಪಿಯನ್ನು ಬಿಡುಗಡೆ ಮಾಡಿತು. ಸಾಲ ಕೊಡುವುದಾದರೆ ಬ್ಯಾಂಕ್ ಖಾತೆಯ ಮೂಲಕವೇ ಕೊಡಿ.

ಚೆಕ್ ಇಲ್ಲದಿದ್ದರೆ ಸಿವಿಲ್ ದಾವೆ. ಪ್ರೋನೋಟು ಅಥವಾ ಲಿಖಿತ ಕರಾರಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದ ಸಂಕ್ಷಿಪ್ತ ದಾವೆಯ ಬಗ್ಗೆ ವಕೀಲರನ್ನು ಕೇಳಿ. ಅದರಲ್ಲಿ ಎದುರಾಳಿ ವಾದ ಮಾಡಲಿಕ್ಕೂ ಅನುಮತಿ ಪಡೆಯಬೇಕು. ನೀವು ಸಣ್ಣ ಉದ್ದಿಮೆದಾರರಾಗಿದ್ದು, ಸರಕು ಕೊಟ್ಟ ಹಣ 45 ದಿನ ಕಳೆದರೂ ಬಂದಿಲ್ಲವಾದರೆ ದಾರಿ ಬೇರೆ: ಉದ್ಯಮ ನೋಂದಣಿ ಇದ್ದವರು 2006ರ ಎಂಎಸ್‌ಎಂಇ ಕಾಯ್ದೆಯಡಿ ಸೌಲಭ್ಯ ಮಂಡಳಿಗೆ ಹೋಗಬಹುದು, ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು.

ಡಿಕ್ರಿ ಬಂದ ದಿನ ಸಿಹಿ ಹಂಚುವವರನ್ನು ಕಂಡರೆ ಹಳೆಯ ವಕೀಲರು ಮುಗುಳ್ನಗುತ್ತಾರೆ. ನಿಜವಾದ ತಾಪತ್ರಯ ಅಮಲ್ಜಾರಿಯಲ್ಲಿ. ಕೋರ್ಟಿನ ಅಮೀನ ಜಪ್ತಿಗೆ ಹೋದರೂ ಅಡುಗೆ ಪಾತ್ರೆ, ಉಡುವ ಬಟ್ಟೆ, ಮಾಂಗಲ್ಯ, ಕುಶಲಕರ್ಮಿಯ ಸಲಕರಣೆ, ರೈತನ ಬೇಸಾಯದ ಸಾಮಾನು ಮುಟ್ಟುವಂತಿಲ್ಲ. ಭವಿಷ್ಯ ನಿಧಿಯೂ ಅಷ್ಟೆ. ಸಂಬಳದಲ್ಲಿ ಮೊದಲ ಸಾವಿರ, ಉಳಿದದ್ದರಲ್ಲಿ ಮೂರನೇ ಎರಡು ಭಾಗ ಸಾಲಗಾರನಿಗೇ. ಲೆಕ್ಕಕ್ಕೆ ಬರುವ ಸಂಬಳ 31,000 ಇದ್ದರೆ ನಿಮಗೆ ಸಿಗುವುದು ತಿಂಗಳಿಗೆ 10,000, ಅದೂ ಒಂದು ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ. ‘ಜೈಲಿಗೆ ಹಾಕಿಸ್ತೀನಿ’ ಎಂಬ ಬೆದರಿಕೆಗೂ ಮಿತಿ ಇದೆ. ಕೈಯಲ್ಲಿ ಹಣವಿದ್ದೂ ಕೊಡದವನನ್ನು ಮಾತ್ರ ಸಿವಿಲ್ ಜೈಲಿಗೆ ಕಳಿಸಬಹುದೆಂದು 1980ರಲ್ಲೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಪಿತ್ತಿದ್ದಾರೆ. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಿ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ವಾಯಿದೆಗಳು ಇನ್ನೂ ಆ ಮಾತು ಕೇಳಿಸಿಕೊಂಡಂತಿಲ್ಲ.

ಹಾಗಾಗಿ ದಾವೆ ಹೂಡುವ ಮೊದಲೇ ಅವನ ಹೆಸರಲ್ಲಿ ಏನಿದೆ ಎಂದು ನೋಡಿ. ಪಹಣಿ ಭೂಮಿ ತಂತ್ರಾಂಶದಲ್ಲಿ ಯಾರಿಗಾದರೂ ಸಿಗುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. ತೆಗೆಸಿದರೆ ಆಸ್ತಿ ಅಡಮಾನದಲ್ಲಿದೆಯೇ ತಿಳಿಯುತ್ತದೆ. ದಾವೆ ತಪ್ಪಿಸಲೆಂದೇ ಮಾರಲು ಹೊರಟಿದ್ದರೆ ತೀರ್ಪಿಗೆ ಮೊದಲೇ ಜಪ್ತಿ ಕೋರಬಹುದು. ಏನೂ ಇಲ್ಲದವನಾಗಿದ್ದರೆ ಲೋಕ ಅದಾಲತ್ತಿನಲ್ಲಿ ಕಂತಿಗೆ ಒಪ್ಪಿಸುವುದು ಮೇಲು. ಅಲ್ಲಿಗೆ ಶುಲ್ಕವಿಲ್ಲ, ಅಲ್ಲಿನ ರಾಜಿಗೆ ಡಿಕ್ರಿಯ ಬಲವಿದೆ, ಮೇಲ್ಮನವಿಯ ಕಾಟವೂ ಇಲ್ಲ.

ಠಾಣೆಗೆ ಹೋಗಿ ಇನ್‌ಸ್ಪೆಕ್ಟರ್‌ ಸಾಹೇಬರಿಂದ ಹೇಳಿಸುವ, ನಾಲ್ಕು ಹುಡುಗರನ್ನು ಮನೆ ಮುಂದೆ ನಿಲ್ಲಿಸುವ ಯೋಚನೆ ಬಿಡಿ. ಪೊಲೀಸರು ವಸೂಲಿ ಏಜೆಂಟರಲ್ಲ. ನ್ಯಾಯವಾಗಿ ಬರಬೇಕಾದ ಹಣಕ್ಕೆ ನೀವೇ ಆರೋಪಿಯಾಗುವುದು ಬೇಡ. ಫೀಸಿನ ಚಿಂತೆ ಇದ್ದರೆ ಕೋರ್ಟ್ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ ಸಂಖ್ಯೆ 15100.