ಕೆರೆಯ ದಡದ ಗಾಲ್ಫ್: ನೀರಿಗೇನು ಕೆಲಸ?

2021ನೆಯ ಇಸವಿ ಆಗಸ್ಟ್ 7ರ ಶನಿವಾರ ಬೆಳಗ್ಗೆ ನಮ್ಮ ನಾಡಿನ ಅನೇಕ ಮನೆಗಳಲ್ಲಿ ಒಂದು ಸೋಜಿಗ ನಡೆಯಿತು. ಗಾಲ್ಫ್ ಎಂಬ ಆಟದ ಹೆಸರನ್ನಲ್ಲದೆ ಬೇರೇನನ್ನೂ ಅರಿಯದವರು ಟೋಕಿಯೋ ಒಲಿಂಪಿಕ್ಸಿನ ಕೊನೆಯ ಸುತ್ತನ್ನು ಕಣ್ಣು ಕಿವಿ ನೆಟ್ಟು ಹಿಂಬಾಲಿಸಿದರು. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಪದಕದ ಹೊಸ್ತಿಲಲ್ಲಿ ನಿಂತಿದ್ದಳು. ಕಡೆಗೆ ಒಂದೇ ಒಂದು ಹೊಡೆತದ ಅಂತರದಿಂದ ಪದಕ ಕೈತಪ್ಪಿ ನಾಲ್ಕನೆಯ ಸ್ಥಾನ ದೊರೆಯಿತು. ಆ ಮೇಲೆ ನೆರೆಮನೆಯ ಹಿರಿಯರೊಬ್ಬರು ನನ್ನನ್ನು ಕೇಳಿದ ಪ್ರಶ್ನೆ ಸ್ವಾರಸ್ಯವಾಗಿತ್ತು: “ಅಲ್ಲ ಮೇಷ್ಟರೇ, ಅವಳ ಚೆಂಡನ್ನು ಅವಳೇ ಹೊಡೆಯುತ್ತಾಳೆ. ತಡೆಯುವವರಿಲ್ಲ, ಹಿಡಿಯುವವರಿಲ್ಲ, ಮರಳಿ ಹೊಡೆಯುವವರೂ ಇಲ್ಲ. ಹಾಗಾದರೆ ಈ ಆಟದಲ್ಲಿ ಎದುರಾಳಿ ಯಾರು?”

ಎದುರಾಳಿ ಭೂಮಿ, ವಾಚಕರೇ. ಇನ್ನೂ ಸರಿಯಾಗಿ ಹೇಳುವುದಾದರೆ, ಆ ಭೂಮಿಯನ್ನು ಆಟಕ್ಕೆಂದು ಅಣಿಗೊಳಿಸಿದ ವಿನ್ಯಾಸಕಾರ. ಚದುರಂಗದಲ್ಲಿ ಎದುರು ಕುಳಿತವನು ನಾವು ಕಾಯಿ ನಡೆಸಿದ ಮೇಲೆ ಯೋಚಿಸುತ್ತಾನೆ. ಗಾಲ್ಫಿನಲ್ಲಿ ಎದುರಾಳಿ ನಾವು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಯೋಚಿಸಿ, ಉತ್ತರವನ್ನು ಹುಲ್ಲಿನಲ್ಲಿಯೂ ಮರಳಿನಲ್ಲಿಯೂ ನೀರಿನಲ್ಲಿಯೂ ಬರೆದಿಟ್ಟು ಹೋಗಿರುತ್ತಾನೆ. ಆದ್ದರಿಂದ ಗಾಲ್ಫ್ ಮೈದಾನವನ್ನು ನೋಡಿ “ಆಹಾ, ಎಂಥ ಹಸುರು!” ಎಂದು ಹೊರಟುಬಿಟ್ಟರೆ, ಕಾವ್ಯದ ರಟ್ಟನ್ನು ಹೊಗಳಿ ಪುಟ ತೆರೆಯದೆ ಇಟ್ಟ ಹಾಗೆ.

ಆಟದ ಸ್ಥೂಲರೂಪವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನಮ್ಮ ಗೋಲಿಯಾಟದ ಕುಳಿಯನ್ನು ನೆನೆಯಿರಿ. ಗಾಲ್ಫಿನ ಕುಳಿಯ ಅಗಲ ನಾಲ್ಕೂಕಾಲು ಅಂಗುಲ. ಈ ಅಳತೆ 1891ರಲ್ಲಿ ಕಟ್ಟುನಿಟ್ಟಾಯಿತು. ಆದರೆ ಗೋಲಿಯಾಟಗಾರ ಕುಳಿಯಿಂದ ನಾಲ್ಕು ಮಾರು ದೂರ ನಿಂತರೆ ಇವನು ನಿಲ್ಲುವುದು ನೂರೈವತ್ತು ಗಜ, ನಾನೂರು ಗಜ, ಐನೂರು ಗಜ ದೂರದಲ್ಲಿ. ಮೊದಲ ಹೊಡೆತದ ಕಟ್ಟೆಗೆ ‘ಟೀ’ ಎಂದು ಹೆಸರು (ಕುಡಿಯುವ ಟೀಗೂ ಇದಕ್ಕೂ ನಂಟಿಲ್ಲ), ನಡುವಣ ಕತ್ತರಿಸಿದ ಹುಲ್ಲಿನ ಹಾದಿಗೆ ‘ಫೇರ್‌ವೇ’ ಎಂದು, ಕುಳಿಯ ಸುತ್ತಲಿನ ನುಣುಪು ಹಸುರಿಗೆ ‘ಗ್ರೀನ್’ ಎಂದು. ದೂರವನ್ನು ನೋಡಿ ನಿಪುಣನಿಗೆ ಮೂರೋ ನಾಲ್ಕೋ ಐದೋ ಹೊಡೆತವೆಂದು ಗೊತ್ತುಮಾಡಿರುತ್ತಾರೆ, ಅದು ‘ಪಾರ್’. ಇಂಥ ಹದಿನೆಂಟು ಕುಳಿಗಳನ್ನು ಸುತ್ತಿ ಬಂದರೆ ಒಂದು ಸುತ್ತು. ಇದಕ್ಕೆ ಸಾಮಾನ್ಯವಾಗಿ ನೂರು ಎಕರೆಗೂ ಮೇಲ್ಪಟ್ಟ ನೆಲ ಬೇಕು. ಈ ನೂರು ಎಕರೆಯ ಮಾತನ್ನು ಮನಸ್ಸಿನಲ್ಲಿಟ್ಟಿರಿ, ಮುಂದೆ ಬೇಕಾಗುತ್ತದೆ.

ಈಗ ನೀರಿನ ವಿಚಾರ. ಚೆಂಡು ಕೆರೆಗೆ ಬಿದ್ದರೆ ಆಟಗಾರನ ಲೆಕ್ಕಕ್ಕೆ ಒಂದು ಹೊಡೆತದ ದಂಡ ಸೇರುತ್ತದೆ. ಹಳದಿ ಅಥವಾ ಕೆಂಪು ಗೂಟ ನೆಟ್ಟು ಗಡಿಯನ್ನು ಗುರುತಿಸಿರುತ್ತಾರೆ. ಒಂದೇ ಹೊಡೆತದಿಂದ ಪದಕ ತಪ್ಪುವ ಆಟದಲ್ಲಿ ಇದು ಸಣ್ಣ ದಂಡವಲ್ಲ. ಮರಳುಗುಳಿಯಿಂದಾದರೂ ಚೆಂಡನ್ನು ಎಬ್ಬಿಸಿ ಹೊಡೆಯಬಹುದು, ಮರದ ಮರೆಯಿಂದ ಪಕ್ಕಕ್ಕೆ ತಳ್ಳಬಹುದು. ನೀರು ಮಾತ್ರ ಕೊಟ್ಟದ್ದನ್ನು ಹಿಂದಿರುಗಿಸುವುದಿಲ್ಲ. ಆದುದರಿಂದಲೇ ನೀರನ್ನು ಎಲ್ಲಿಡಬೇಕು, ಹೇಗಿಡಬೇಕು ಎಂಬುದರಲ್ಲಿ ವಿನ್ಯಾಸಕಾರನ ಯೋಗ್ಯತೆ ಬಯಲಾಗುತ್ತದೆ.

ಮನೆಯಲ್ಲಿ ಮಕ್ಕಳ ಸ್ಲೇಟು ಇದ್ದರೆ ತೆಗೆದುಕೊಳ್ಳಿ. ಕೆಳತುದಿಯಲ್ಲಿ ಒಂದು ಚುಕ್ಕೆಯಿಡಿ, ಅದು ಟೀ. ನೇರ ಮೇಲುಗಡೆ, ಸ್ಲೇಟಿನ ಚೌಕಟ್ಟಿನ ಹತ್ತಿರ, ಇನ್ನೊಂದು ಚುಕ್ಕೆ; ಅದು ಕುಳಿ. ಎರಡರ ನಡುವೆ ಕೆರೆ ಬರೆಯಿರಿ. ಹುಲ್ಲಿನ ಹಾದಿ ಕೆರೆಯ ಬಲದಂಡೆಯನ್ನು ಹಿಡಿದು ಬಿಲ್ಲಿನಂತೆ ಬಾಗಿ ಕುಳಿಯ ಬಳಿ ಸೇರಲಿ. ಹಾದಿ ಬಿಲ್ಲಾದರೆ ನೀರಿನ ಮೇಲಣ ನೇರ ಗೆರೆಯೇ ಹೆದೆ. ಇನ್ನು ಟೀಯ ಮೇಲೆ ನಿಂತವನ ಮನಸ್ಸನ್ನು ಊಹಿಸಿರಿ. ಬಲಕ್ಕೆ ಹೊಡೆದರೆ ಚೆಂಡು ಒದ್ದೆಯಾಗದು. ಆದರೆ ಎರಡನೆಯ ಹೊಡೆತ ಬಹು ದೂರ ಉಳಿಯುತ್ತದೆ, ಎದುರಿಗೆ ಮರಳುಗುಳಿಯೂ ಅಡ್ಡ ಬರುತ್ತದೆ. ಕೊಂಚ ಎಡಕ್ಕೆ ತಿರುಗಿದರೆ ನೂರೈವತ್ತು ಗಜ ನೀರನ್ನು ದಾಟಿಸಬೇಕು, ಉಳಿದ ದೂರ ಕಡಿಮೆ. ಇನ್ನೂ ಎಡಕ್ಕೆ ತಿರುಗಿದರೆ ದಾಟಿಸಬೇಕಾದದ್ದು ಇನ್ನೂರು ಗಜ. ದಾಟಿತೋ, ಕುಳಿ ಕೈಗೆಟುಕುವಂತೆ ಎದುರಿಗಿದೆ. ಎಷ್ಟು ನೀರನ್ನು ದಾಟುವೆ ಎಂದು ಕೆರೆ ಕೇಳುತ್ತದೆ. ತನ್ನ ಬಲವನ್ನು ತಾನೇ ಅಳೆದುಕೊಂಡು ಆಟಗಾರ ಉತ್ತರ ಹೇಳಬೇಕು. ಮುದುಕನೊಬ್ಬ ದಂಡೆಯ ಗುಂಟ ಮೂರು ಮೆದು ಹೊಡೆತದಲ್ಲಿ ಸೇರಬಹುದು. ತರುಣ ಎರಡರಲ್ಲಿ ಸೇರಬಹುದು, ಇಲ್ಲವೆ ಚೆಂಡನ್ನೇ ಕಳೆದುಕೊಳ್ಳಬಹುದು.

ಇದು ನನ್ನ ಕಲ್ಪನೆಯಲ್ಲ. ಅಮೆರಿಕದಲ್ಲಿ ಚಾರ್ಲ್ಸ್ ಬ್ಲೇರ್ ಮ್ಯಾಕ್‌ಡೊನಾಲ್ಡ್ ಎಂಬಾತ ತನ್ನ ನ್ಯಾಷನಲ್ ಗಾಲ್ಫ್ ಲಿಂಕ್ಸ್ ಮೈದಾನದ ಹದಿನಾಲ್ಕನೆಯ ಕುಳಿಗೆ ಈ ರೂಪ ಕೊಟ್ಟು ‘ಕೇಪ್’ ಎಂದು ಹೆಸರಿಟ್ಟ. ಲೋಕದಲ್ಲಿ ಕೆರೆಯ ದಡ ಸಿಕ್ಕಲ್ಲೆಲ್ಲ ಅದರ ಮಕ್ಕಳು ಮೊಮ್ಮಕ್ಕಳು ಹುಟ್ಟಿಕೊಂಡಿವೆ.

ಇದಕ್ಕೆ ವಿರುದ್ಧವಾದ ಎರಡು ಬಗೆಗಳನ್ನೂ ನೀವು ಕಾಣುವಿರಿ. ಒಂದರಲ್ಲಿ ನೀರು ಹಾದಿಗೆ ಅಡ್ಡವಾಗಿ, ಗೋಡೆಯಂತೆ ಬಿದ್ದಿರುತ್ತದೆ. ಸುತ್ತುದಾರಿ ಇಲ್ಲ. ಬಲ್ಲಿದನಿಗೆ ಅದು ಕಣ್ಣಿಗೂ ಬೀಳದು. ಬಡಪಾಯಿಗೆ ದಿನವೂ ಚೆಂಡಿನ ನಷ್ಟ. ಬಲಹೀನನನ್ನು ಮಾತ್ರ ದಂಡಿಸುವುದು ಎಲ್ಲಿಯ ನ್ಯಾಯ? ಫ್ಲಾರಿಡಾದ ಸಾಗ್ರಾಸ್ ಎಂಬಲ್ಲಿ ಪೀಟ್ ಡೈ ರಚಿಸಿದ, 1980ರಲ್ಲಿ ತೆರೆದ ಮೈದಾನದ ಹದಿನೇಳನೆಯ ಕುಳಿ ಈ ಜಾತಿಯ ಪರಮಾವಧಿ: ಗ್ರೀನೇ ಒಂದು ನಡುಗಡ್ಡೆ, ದೂರ ಸುಮಾರು 137 ಗಜ, ಸುತ್ತಲೂ ನೀರು. ನೋಡುವವರಿಗೆ ಅದು ಹಬ್ಬ. ನನ್ನ ಮಟ್ಟಿಗೆ ಅದು ಒಂದು ಸಲ ಕೇಳಲು ಚೆಂದವಾದ ಒಗಟು; ದಿನವೂ ಓದುವ ಪದ್ಯವಲ್ಲ. ಇನ್ನೊಂದು ಬಗೆಯಲ್ಲಿ ಕೊಳ ದೂರದಲ್ಲಿ, ಯಾರ ಚೆಂಡೂ ಹೋಗದ ಕಡೆ, ಕಾರಂಜಿ ಸಮೇತ ಶೋಭಿಸುತ್ತದೆ. ಅದು ಛಾಯಾಚಿತ್ರಕ್ಕೆ ಬೇಕಾದ ನೀರು. ನಮ್ಮ ಆಲಂಕಾರಿಕರು ರಸಕ್ಕೆ ನೆರವಾಗದ ಅಲಂಕಾರವನ್ನು ಹೊರೆ ಎಂದೇ ಎಣಿಸಿದ್ದರು. ಈ ಕೊಳವೂ ಅಷ್ಟೆ.

ಇನ್ನೂ ಸೂಕ್ಷ್ಮವಾದ ಒಂದು ಉದಾಹರಣೆ ಅಗಸ್ಟಾದ ಹನ್ನೆರಡನೆಯ ಕುಳಿ. 1933ರಲ್ಲಿ ತೆರೆದ ಆ ಮೈದಾನವನ್ನು ಆಟಗಾರ ಬಾಬಿ ಜೋನ್ಸನೊಡನೆ ರೂಪಿಸಿದವನು ಅಲಿಸ್ಟರ್ ಮೆಕೆಂಜಿ, ವೃತ್ತಿಯಿಂದ ವೈದ್ಯ. ದೂರ 155 ಗಜ. ಇಂದಿನ ವೀರರಿಗೆ ಅದು ಲೆಕ್ಕವೇ ಅಲ್ಲ. ಆದರೆ ಗ್ರೀನು ಅಡ್ಡಕ್ಕೆ ಹರಡಿಕೊಂಡಿದೆ, ಒಳಕ್ಕೆ ಬಲು ಕಿರಿದು. ಅದರ ಮುಂದೆ ರೇಸ್ ಕ್ರೀಕ್ ಎಂಬ ಹಳ್ಳ ಓರೆಯಾಗಿ ಹರಿಯುತ್ತದೆ. ಎಡಕ್ಕೆ ಹೊಡೆದರೆ ದಾಟುವ ದೂರ ಕಡಿಮೆ, ಬಲಕ್ಕೆ ಹೆಚ್ಚು. ಮೇಲೆ ಮರಗಳ ನಡುವೆ ಸುಳಿಯುವ ಗಾಳಿ ಬೇರೆ. ಚೆಂಡು ನಾಲ್ಕು ಗಜ ಕಡಿಮೆಯಾಯಿತೋ, ದಂಡೆಯ ನುಣುಪು ಹುಲ್ಲಿನ ಮೇಲೆ ಜಾರಿ ಹಳ್ಳಕ್ಕೆ. ಹಿಡಿಯಷ್ಟು ನೀರಿನಿಂದ ಎಷ್ಟು ಕೆಲಸ ತೆಗೆದಿದ್ದಾನೆ ನೋಡಿರಿ! ಈ ಮೆಕೆಂಜಿಯೇ 1920ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಳ್ಳೆಯ ಮೈದಾನಕ್ಕೆ ಹದಿಮೂರು ಲಕ್ಷಣಗಳನ್ನು ಹೇಳಿದ. ಬಲವಿಲ್ಲದವನಿಗೂ ಬೇರೊಂದು ದಾರಿ ಇರಬೇಕು, ಕಳೆದ ಚೆಂಡನ್ನು ಹುಡುಕುವ ಬೇಸರ ಇರಬಾರದು, ಎಂಬಿವು ಅವುಗಳಲ್ಲಿ ಸೇರಿವೆ. ನೂರು ವರ್ಷ ಕಳೆದರೂ ಈ ಮಾತುಗಳು ಹಳಸಿಲ್ಲ.

ಇಷ್ಟು ಹೊತ್ತು ನಾನು ಕೇಳಿದ ಪ್ರಶ್ನೆ ಒಂದೇ ಎಂಬುದನ್ನು ನೀವು ಗಮನಿಸಿರಬಹುದು: ಈ ನೀರಿಗೆ ಇಲ್ಲಿ ಏನು ಕೆಲಸ? ಅದೇ ಪ್ರಶ್ನೆಯನ್ನು ಹಿಡಿದುಕೊಂಡು ಇನ್ನು ನಮ್ಮ ನಾಡಿಗೆ ಬರೋಣ.

ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲಿಗೆ ಅಂಟಿಕೊಂಡಂತಿರುವ ನಮ್ಮ ಸೋಸಲೆಯಲ್ಲಿ ನದಿ ಉಂಟು, ನಾಲೆ ಉಂಟು, ಗದ್ದೆ ಉಂಟು, ಗಾಲ್ಫ್ ಇಲ್ಲ. ನಮಗೆ ಹತ್ತಿರದ್ದೆಂದರೆ ಮೈಸೂರಿನಲ್ಲಿ, ಚಾಮುಂಡಿ ಬೆಟ್ಟದ ಮಗ್ಗುಲಲ್ಲಿ, ಕುದುರೆ ಜೂಜಿನ ಬಯಲನ್ನೇ ಹಂಚಿಕೊಂಡಿರುವ ಜಯಚಾಮರಾಜ ಒಡೆಯರ ಹೆಸರಿನ ಮೈದಾನ. ಅಲ್ಲಿ ಬೆಟ್ಟವೇ ಚೆಲುವು. ಬೆಂಗಳೂರಿನ ಹೈಗ್ರೌಂಡ್ಸಿನಲ್ಲಿರುವ ಬೆಂಗಳೂರು ಗಾಲ್ಫ್ ಕ್ಲಬ್ಬು 1876ರಷ್ಟು ಹಳೆಯದು. ಆದರೆ ನೀರಿನ ಮಾತಿಗೆ ನಾವು ಹೋಗಬೇಕಾದದ್ದು ಬೆಂಗಳೂರಿನ ಪೂರ್ವಕ್ಕೆ, ಹಳೆಯ ವಿಮಾನ ನಿಲ್ದಾಣದ ರಸ್ತೆಯ ಬಳಿಯ ಚಲ್ಲಘಟ್ಟಕ್ಕೆ. ಅಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನವಿದೆ. 2012ರಲ್ಲಿ ಇಂಡಿಯನ್ ಓಪನ್ ಪಂದ್ಯ ಅಲ್ಲಿ ನಡೆಯಿತು. ಅದಿತಿ ಅಶೋಕ್ ಐದಾರು ವರ್ಷದ ಮಗುವಾಗಿದ್ದಾಗ ಕೋಲು ಹಿಡಿದು ಕಲಿತದ್ದೂ ಅಲ್ಲಿಯೇ.

ಆ ಮೈದಾನದ ಕೊಳಗಳ ದಡದಲ್ಲಿ ನಿಂತವರು ಅದನ್ನು ಕೆರೆದಂಡೆಯ ಗಾಲ್ಫ್ ಎಂದುಕೊಳ್ಳುವುದು ಸಹಜ. ನಿಜದಲ್ಲಿ ಅದು ಕೆರೆಯ ದಡದ್ದಲ್ಲ, ಕೆರೆಯ ಒಳಗಿನದು. ಚಲ್ಲಘಟ್ಟದ ಕೆರೆ ಎಂಬುದೊಂದಿತ್ತು; ಆ ಕೆರೆಯಂಗಳವೇ ಇಂದು ಆಟದಂಗಳ. ಬೆಂಗಳೂರಿಗೆ ಇದು ಹೊಸ ಅಭ್ಯಾಸವಲ್ಲ. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಬಸ್ಸುಗಳು ನಿಂತವು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಕೋರಮಂಗಲದ ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡೆಗಳಿಗೆಂದು ಕಟ್ಟಿದ ವಸತಿಗಳು ಬಂದವು. ನೂರು ಎಕರೆ ಒಂದೇ ಕಡೆ ಬೇಕೆಂದಾಗ ನಗರಕ್ಕೆ ಕಾಣಿಸುವುದು ಬತ್ತಿದ ಕೆರೆ. ಇವುಗಳ ಪೈಕಿ ಗಾಲ್ಫ್ ಮೈದಾನವೇ ವಾಸಿ ಎಂದು ನ್ಯಾಯವಾಗಿ ಹೇಳಬೇಕು: ಅಲ್ಲಿ ಮಣ್ಣು ಉಸಿರಾಡುತ್ತದೆ, ಮರಗಳಿವೆ, ಹಕ್ಕಿಗಳಿಗೆ ತಂಗುವ ಎಡೆಯುಂಟು, ಮಳೆ ಬಿದ್ದರೆ ಕಾಂಕ್ರೀಟಿನ ಮೇಲೆ ಬಿದ್ದಂತೆ ಓಡಿಹೋಗುವುದಿಲ್ಲ.

ಆದರೆ ಕೆರೆಯೆಂದರೆ ತಗ್ಗಿನಲ್ಲಿ ನಿಂತ ನೀರು ಮಾತ್ರವಲ್ಲ. ಮೇಲಿನಿಂದ ಬರುವ ಕಾಲುವೆ, ಏರಿ, ತೂಬು, ಕೋಡಿ, ತೂಬಿನ ಕೆಳಗಣ ಅಚ್ಚುಕಟ್ಟು, ಕೋಡಿಯ ನೀರನ್ನು ಎದುರು ನೋಡುವ ಮುಂದಿನ ಕೆರೆ: ಇಷ್ಟೂ ಸೇರಿ ಒಂದು ಕೆರೆ. ಚಲ್ಲಘಟ್ಟದ ಕಣಿವೆಯ ನೀರು ಬೆಳ್ಳಂದೂರಿಗೆ, ಬೆಳ್ಳಂದೂರಿನದು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಹೋಗುವುದು. ಸರದ ಒಂದು ಮಣಿ ಕಳಚಿದರೆ ಮೇಲಿನ ಮಳೆನೀರಿಗೆ ನಡುವೆ ತಂಗುದಾಣ ಒಂದು ಕಡಿಮೆಯಾಯಿತು. ಅದು ಅವಸರವಸರವಾಗಿ ಕೆಳಕ್ಕೆ ಇಳಿಯುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತಿನ ಬಡಾವಣೆಗಳು ಮುಳುಗಿದ್ದನ್ನು ರೇಡಿಯೋದಲ್ಲಿ ನೀವು ಕೇಳಿದ್ದೀರಿ. ಅದಕ್ಕೆ ಒಂದು ಮೈದಾನವನ್ನು ಹೊಣೆಮಾಡುವುದು ಅವಿವೇಕ. ನೂರಾರು ಕಡೆ ಮಣಿ ಕಳಚಿದೆ. ಆದರೆ ಕಳಚಿದ ಮಣಿಗಳಲ್ಲಿ ಇದೂ ಒಂದೆಂಬುದನ್ನು ಮರೆಮಾಚುವುದೂ ಸರಿಯಲ್ಲ.

ಕೆರೆಯಂಗಳದಲ್ಲಿ ಮೈದಾನ ಮಾಡುವವರಿಗೆ ಇರುವ ತೊಡಕು ಮತ್ತು ಸೌಕರ್ಯ ಎರಡೂ ಒಂದೇ: ನೆಲ ಸಮತಟ್ಟು, ಮಣ್ಣು ಜಿಗುಟು, ನೀರು ಇಂಗದು. ಆದ್ದರಿಂದ ಇಂಥ ಕಡೆಗಳಲ್ಲಿ ಅಲ್ಲಲ್ಲಿ ಕೊಳ ತೋಡಿ, ಬಂದ ಮಣ್ಣಿನಿಂದ ಹಾದಿಗಳನ್ನೂ ದಿಬ್ಬಗಳನ್ನೂ ಎತ್ತರಿಸುವುದು ವಿನ್ಯಾಸಕಾರರ ವಾಡಿಕೆ. ಕೊಳ ಆಟಕ್ಕೆ ಅಡ್ಡಿಯೂ ಆಯಿತು, ಮಣ್ಣಿನ ಗಣಿಯೂ ಆಯಿತು, ಬೇಸಗೆಯಲ್ಲಿ ಹುಲ್ಲಿಗೆ ನೀರೂ ಆಯಿತು. ಇಲ್ಲಿಯವರೆಗೆ ಜಾಣತನವೇ. ನನ್ನ ಬೇಡಿಕೆ ಇನ್ನೊಂದು ಹೆಜ್ಜೆ ಮುಂದಿನದು. ಕೊಳಗಳನ್ನು ವರ್ಷವಿಡೀ ತುಳುಕುವಂತೆ ತುಂಬಿಟ್ಟರೆ ನೋಟ ಚೆಂದ, ಆದರೆ ಜಡಿಮಳೆ ಬಂದ ದಿನ ಅವು ಒಂದು ಕೊಡ ನೀರನ್ನೂ ಹಿಡಿಯಲಾರವು. ಮುಂಗಾರಿಗೆ ಮೊದಲು ಮಟ್ಟವನ್ನು ಇಳಿಸಿ, ಹೊರಗಿನ ಕಾಲುವೆಯ ನೀರಿಗೆ ಒಳಬಾಗಿಲು ತೆರೆದು, ತೂಬನ್ನೂ ಕೋಡಿಯನ್ನೂ ಇಟ್ಟು, ಕೊಳದಿಂದ ಕೊಳಕ್ಕೆ ಇಳಿಸಿ ನಿಧಾನವಾಗಿ ಬೆಳ್ಳಂದೂರಿಗೆ ಬಿಡುವಂತಾದರೆ ಹಳೆಯ ಕೆರೆಯ ಅರ್ಧ ಕೆಲಸವಾದರೂ ನಡೆಯುತ್ತದೆ. ಆಟಕ್ಕೆ ಇದರಿಂದ ಕುಂದಿಲ್ಲ. ನೀರು ನಾಲ್ಕಡಿ ಇಳಿದಾಗ ದಡ ಅಗಲವಾಗುತ್ತದೆ, ತುಂಬಿದಾಗ ಕಿರಿದಾಗುತ್ತದೆ. ಅದೇ ಕುಳಿ ವೈಶಾಖದಲ್ಲಿ ಒಂದು ಪ್ರಶ್ನೆ ಕೇಳಿದರೆ ಶ್ರಾವಣದಲ್ಲಿ ಇನ್ನೊಂದು ಕೇಳುತ್ತದೆ. ಮೆಕೆಂಜಿಯಂಥವನಿಗೆ ಇದು ಬೇಡವಾಗುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ನೀವು ಎಂದಾದರೂ ಸ್ನೇಹಿತರ ಜೊತೆ ಇಂಥ ಮೈದಾನಕ್ಕೆ ಹೋಗುವ ಸಂದರ್ಭ ಬಂದರೆ, ಟೀಯ ಮೇಲೆ ನಿಂತು ಕುಳಿಯ ಬಾವುಟವನ್ನು ನೋಡುವುದಕ್ಕೆ ಮೊದಲು ಕೊಳದ ಅತ್ತ ಮಗ್ಗುಲನ್ನು ನೋಡಿರಿ. ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ಅಲ್ಲಿನ ಮಾಲಿಯನ್ನು ಕೇಳಿರಿ. ಅವನು ಕೈ ಚಾಚಿ ಎರಡೂ ಕಡೆ ತೋರಿಸಿದರೆ ಅದು ಕೆರೆ. ಕೊಳವೆಬಾವಿಯ ಮೋಟಾರಿನ ಕಡೆ ತೋರಿಸಿದರೆ ತೊಟ್ಟಿ.